ಭೂವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳನ್ನು ಕಿರಿಯರ ಮೆಂಟರ್‌ಗಳಾಗಿ ಅಣಿಗೊಳಿಸುವ ಬಗೆ

ಎಂ.ಎಸ್‌ಸಿ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಶುರುವಾಗುವ ವಾರ ನಮ್ಮ ಭೂವಿಜ್ಞಾನ ವಿಭಾಗಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಪ್ರಾಧ್ಯಾಪಕರು ತಮ್ಮ ಪಿಎಚ್‌.ಡಿ ವಿದ್ಯಾರ್ಥಿಯನ್ನು ಕರೆದು, ಬಾಗಿಲ ಬಳಿ ಸಂಕೋಚದಿಂದ ನಿಂತಿರುವ ಇಬ್ಬರನ್ನು ತೋರಿಸಿ, "ಇವರನ್ನು ಸ್ವಲ್ಪ ನೋಡಿಕೊಳ್ಳಿ" ಎನ್ನುತ್ತಾರೆ. ಕಿರಿಯರಿಗೆ ಸಂಶೋಧನೆ ಕಲಿಸುವ ಹೊಣೆ ಹೊತ್ತವರಿಗೆ ಸಿಗುವ ತರಬೇತಿ ಬಹುಪಾಲು ಅಷ್ಟೇ. ಮುಂದೆ ಎರಡರಲ್ಲೊಂದು ನಡೆಯುತ್ತದೆ. ಕಿರಿಯರು ನಾಲ್ಕು ತಿಂಗಳು ಹಿರಿಯರ ಕಲ್ಲಿನ ಚೀಲ ಹೊತ್ತು, ಮಾದರಿ ಪುಡಿ ಮಾಡಿ, ಕೊನೆಗೆ ಹಳೆಯ ವರದಿಯೊಂದನ್ನು ನೋಡಿಕೊಂಡು ತಮ್ಮದನ್ನು ಬರೆಯುತ್ತಾರೆ. ಇಲ್ಲವೇ ಹಿರಿಯರೇ ಕನಿಕರದಿಂದಲೋ ಅವಸರದಿಂದಲೋ ಎಲ್ಲವನ್ನೂ ತಾವೇ ಮಾಡಿ ಮುಗಿಸುತ್ತಾರೆ. ಎರಡರಲ್ಲೂ ಕಿರಿಯರು ಬಂಡೆಯನ್ನು ಸ್ವಂತ ಕಣ್ಣಿನಿಂದ ನೋಡಿರುವುದಿಲ್ಲ.

ಒಳ್ಳೆಯ ಸಂಶೋಧಕರು ತಾವಾಗಿಯೇ ಒಳ್ಳೆಯ ಮಾರ್ಗದರ್ಶಕರಾಗುತ್ತಾರೆ ಎಂಬ ನಂಬಿಕೆ ಈ ಅವ್ಯವಸ್ಥೆಯ ಬೇರು. ನನ್ನ ಅನುಭವದಲ್ಲಿ ಅದು ಹಲವು ಸಲ ತಿರುಗುಮುರುಗಾಗಿದೆ. ಬಂಡೆಯನ್ನು ಕಂಡೊಡನೆ ಅದರ ಕಥೆ ಹೊಳೆಯುವವರಿಗೆ, ಹೊಳೆದದ್ದನ್ನು ಹೇಳದೆ ತಡೆದುಕೊಳ್ಳುವುದು ಕಷ್ಟ. ಆ ತಡೆಯನ್ನು ಕಲಿಸಬಹುದು. ಹೇಗೆ ಕಲಿಸಬಹುದು ಎಂಬುದನ್ನು ವಿಭಾಗದ ಅಧ್ಯಾಪಕರು ಹೆಜ್ಜೆಹೆಜ್ಜೆಯಾಗಿ ಅನುಸರಿಸಲು ಅನುಕೂಲವಾಗುವಂತೆ ಇಲ್ಲಿ ಬರೆದಿದ್ದೇನೆ. ಗೊಂದಲವಾಗದಿರಲೆಂದು ಪ್ರಾಧ್ಯಾಪಕರನ್ನು ‘ಗೈಡ್’ ಎಂದೂ, ಪಿಎಚ್‌.ಡಿ ವಿದ್ಯಾರ್ಥಿಯನ್ನು ‘ಮೆಂಟರ್’ ಎಂದೂ, ಎಂ.ಎಸ್‌ಸಿ ಪ್ರಾಜೆಕ್ಟಿನವರನ್ನೂ ಬೇಸಿಗೆಯ ಇಂಟರ್ನ್‌ಗಳನ್ನೂ ಒಟ್ಟಾಗಿ ‘ಕಿರಿಯರು’ ಎಂದೂ ಕರೆದಿದ್ದೇನೆ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಕೇಳುವವರಿಗೆ ಒಂದು ಉತ್ತರ ನಿಯಮದಲ್ಲೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಪಿಎಚ್‌.ಡಿ ನಿಯಮಾವಳಿಯು ಪ್ರತಿಯೊಬ್ಬ ಸಂಶೋಧನಾ ವಿದ್ಯಾರ್ಥಿಗೂ ಬೋಧನೆ ಮತ್ತು ಬರವಣಿಗೆಯ ತರಬೇತಿ ಇರಬೇಕೆನ್ನುತ್ತದೆ. ಟ್ಯುಟೋರಿಯಲ್, ಪ್ರಯೋಗಾಲಯದ ಕೆಲಸ ಮತ್ತು ಮೌಲ್ಯಮಾಪನಗಳಿಗಾಗಿ ವಾರಕ್ಕೆ 4ರಿಂದ 6 ಗಂಟೆಗಳ ಹೊಣೆಯನ್ನೂ ಅವರಿಗೆ ವಹಿಸಬಹುದು ಎನ್ನುತ್ತದೆ. ಈ ಗಂಟೆಗಳಲ್ಲಿ ಒಂದು ಪಾಲನ್ನು ಮೆಂಟರ್ ಕೆಲಸಕ್ಕೆಂದು ಬರವಣಿಗೆಯಲ್ಲಿ ಗುರುತಿಸಿದರೆ, ಅದು ಪುಕ್ಕಟೆ ದುಡಿಮೆಯಾಗದೆ ಲೆಕ್ಕಕ್ಕೆ ಸೇರುವ ಕೆಲಸವಾಗುತ್ತದೆ.

ಹೆಜ್ಜೆ 1: ಯಾರು, ಯಾವಾಗ

ಕೋರ್ಸ್‌ವರ್ಕ್ ಮುಗಿಸಿ, ಕನಿಷ್ಠ ಒಂದು ಫೀಲ್ಡ್ ಋತುವನ್ನಾದರೂ ಸ್ವತಂತ್ರವಾಗಿ ಕಳೆದವರನ್ನು ಆರಿಸಿಕೊಳ್ಳಿ. ಪ್ರಬಂಧ ಸಲ್ಲಿಕೆಯ ಕೊನೆಯ ಆರು ತಿಂಗಳಲ್ಲಿರುವವರನ್ನು ಬಿಟ್ಟುಬಿಡಿ. ಅವರು ಒಪ್ಪಿದರೂ ಬೇಡ, ಏಕೆಂದರೆ ಗೈಡ್ ಕೇಳಿದಾಗ ಒಲ್ಲೆನೆನ್ನುವ ಧೈರ್ಯ ಆ ಹಂತದಲ್ಲಿ ಯಾರಿಗೂ ಇರುವುದಿಲ್ಲ. ಒಬ್ಬ ಮೆಂಟರ್‌ಗೆ ಇಬ್ಬರಿಗಿಂತ ಹೆಚ್ಚು ಕಿರಿಯರನ್ನು ಕೊಡಬಾರದು. ತರಬೇತಿಯನ್ನು ಪ್ರಾಜೆಕ್ಟ್ ಆರಂಭವಾಗುವ ಎರಡು ತಿಂಗಳ ಮುಂಚೆ ಶುರು ಮಾಡಿ, ಪ್ರಾಜೆಕ್ಟ್ ಮುಗಿಯುವವರೆಗೂ ಮುಂದುವರಿಸಬೇಕು. ಒಂದು ದಿನದ ಕಾರ್ಯಾಗಾರ ಮಾಡಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳಿಸುವುದರಿಂದ ಹೆಚ್ಚಿನದೇನೂ ಆಗದು.

ಮೊದಲ ಸಭೆಯಲ್ಲೇ ಗೈಡ್ ಮತ್ತು ಮೆಂಟರ್ ನಡುವಿನ ಗಡಿಯನ್ನು ಬರೆದಿಡಿ. ಪ್ರಾಜೆಕ್ಟಿನ ವಿಷಯವನ್ನು ಅಂತಿಮಗೊಳಿಸುವುದು, ಅಂಕ ಕೊಡುವುದು, ಫೀಲ್ಡಿಗೆ ಹೋಗಲು ಅನುಮತಿ ನೀಡುವುದು, ಶಿಸ್ತಿನ ವಿಚಾರ ನೋಡುವುದು ಗೈಡ್ ಕೆಲಸ. ದಿನನಿತ್ಯದ ಕಲಿಕೆ, ವಾರದ ಭೇಟಿ, ಕರಡು ಓದುವುದು ಮೆಂಟರ್ ಕೆಲಸ. ಅಂಕದ ಅಧಿಕಾರ ಮೆಂಟರ್ ಕೈಯಲ್ಲಿರಬಾರದು. ಅದು ಇದ್ದರೆ ಕಿರಿಯರು ತಮಗೆ ಅರ್ಥವಾಗಿಲ್ಲ ಎಂದು ಒಪ್ಪಿಕೊಳ್ಳುವುದೇ ಇಲ್ಲ.

ಹೆಜ್ಜೆ 2: ಪ್ರಶ್ನೆಯನ್ನು ಕುಗ್ಗಿಸುವ ಅಭ್ಯಾಸ

ಮೆಂಟರ್‌ಗಳು ಮಾಡುವ ಮೊದಲ ತಪ್ಪು ಕಿರಿಯರಿಗೆ ತಮ್ಮ ಪ್ರಬಂಧದ ಒಂದು ಅಧ್ಯಾಯವನ್ನೇ ಪ್ರಾಜೆಕ್ಟ್ ಎಂದು ಕೊಡುವುದು. "ಚಿತ್ರದುರ್ಗ ಶಿಸ್ಟ್ ಪಟ್ಟಿಯ ಭೂರಾಸಾಯನಿಕ ವಿಕಾಸ" ಎಂಬ ಶೀರ್ಷಿಕೆ ಕೇಳಲು ಗಂಭೀರವಾಗಿದೆ, ಆದರೆ ನಾಲ್ಕು ತಿಂಗಳಲ್ಲಿ ಅದಕ್ಕೆ ಉತ್ತರವಿಲ್ಲ. ಆದ್ದರಿಂದ ತರಬೇತಿಯ ಮೊದಲ ಮನೆಗೆಲಸವಾಗಿ ಪ್ರತಿಯೊಬ್ಬ ಮೆಂಟರ್ ತನ್ನ ಸಂಶೋಧನೆಯ ಕ್ಷೇತ್ರದಿಂದ ಒಂದು ಪ್ರಶ್ನೆಯನ್ನು ಎತ್ತಿ, ಅದು ಒಂದು ಕಲ್ಲುಕ್ವಾರಿಗೋ ಒಂದು ಹಳ್ಳಕ್ಕೋ ಒಂದು ಊರಿನ ಕೊಳವೆಬಾವಿಗಳಿಗೋ ಇಳಿಯುವವರೆಗೆ ಕುಗ್ಗಿಸಿಕೊಂಡು ಬರಬೇಕು.

ಒಂದು ಉದಾಹರಣೆ ನೋಡಿ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದ, ಸುಮಾರು 250 ಕೋಟಿ ವರ್ಷ ಹಳೆಯದಾದ ಕ್ಲೋಸ್‌ಪೇಟ್ ಗ್ರಾನೈಟ್ ರಾಜ್ಯದ ಉತ್ತರದಿಂದ ದಕ್ಷಿಣಕ್ಕೆ ನೂರಾರು ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿದೆ. ಅದರ ಹುಟ್ಟನ್ನು ಕೇಳುವುದು ಪಿಎಚ್‌.ಡಿಗೂ ದೊಡ್ಡದು. ಆದರೆ "ಈ ಒಂದು ಕ್ವಾರಿಯ ಗೋಡೆಯಲ್ಲಿ ಕಾಣುವ ದಪ್ಪ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಒಂದೇ ದಿಕ್ಕಿಗೆ ಮಲಗಿವೆಯೇ? ಅವುಗಳ ನಡುವೆ ಸಿಕ್ಕಿಕೊಂಡಿರುವ ಕಪ್ಪು ಶಿಲಾತುಣುಕುಗಳೂ ಅದೇ ದಿಕ್ಕಿಗೆ ಹೊರಳಿವೆಯೇ?" ಎಂಬುದು ಕಿರಿಯರ ಪ್ರಶ್ನೆ. ಕಂಪಾಸು, ಹ್ಯಾಂಡ್ ಲೆನ್ಸ್, ಅಳತೆಪಟ್ಟಿ, ಹತ್ತು ಥಿನ್ ಸೆಕ್ಷನ್‌ಗಳು (ಸೂಕ್ಷ್ಮದರ್ಶಕದಲ್ಲಿ ನೋಡಲು ಗಾಜಿನ ಮೇಲೆ ಅಂಟಿಸಿ ತೆಳುವಾಗಿ ಸವೆಸಿದ ಕಲ್ಲಿನ ಪದರಗಳು) ಇದ್ದರೆ ಸಾಕು. ಉತ್ತರ ‘ಇಲ್ಲ’ ಎಂದು ಬಂದರೂ ಅದು ಪ್ರಾಜೆಕ್ಟೇ.

ಕುಗ್ಗಿಸಿದ ಪ್ರಶ್ನೆಯನ್ನು ಪರೀಕ್ಷಿಸಲು ನಾನು ಮೆಂಟರ್‌ಗಳಿಗೆ ಒಂದೇ ಒಂದು ಪ್ರಶ್ನೆ ಹಾಕುತ್ತೇನೆ: ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದ ಮಾದರಿಗಳ ಫಲಿತಾಂಶ ವರದಿ ಸಲ್ಲಿಸುವ ಹೊತ್ತಿಗೆ ಬರದೇ ಹೋದರೆ, ಈ ವಿದ್ಯಾರ್ಥಿಯ ಕೈಯಲ್ಲಿ ಏನು ಉಳಿಯುತ್ತದೆ? ಕಲ್ಲಿನ ರಾಸಾಯನಿಕ ಘಟಕಗಳನ್ನು ಅಳೆಯುವ ಎಕ್ಸ್‌ಆರ್‌ಎಫ್ ಅಥವಾ ಐಸಿಪಿ-ಎಂಎಸ್ ಉಪಕರಣಗಳ ಸರದಿಗಾಗಿ ಕಾದ ಯಾರಿಗೂ ಈ ಪ್ರಶ್ನೆಯ ಅರ್ಥ ವಿವರಿಸಬೇಕಾಗಿಲ್ಲ. ಭಾರತೀಯ ವಿಜ್ಞಾನ ಅಕಾಡೆಮಿ ಮತ್ತಿತರ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಷಿಪ್‌ನಲ್ಲಿ ಬರುವವರಿಗಂತೂ ಇರುವುದೇ ಎರಡು ತಿಂಗಳು. ಅವರಿಗೆ ವಿಭಾಗದ ಕಪಾಟಿನಲ್ಲಿ ಈಗಾಗಲೇ ಇರುವ ಥಿನ್ ಸೆಕ್ಷನ್‌ಗಳ ಮೇಲೆ, ಅಥವಾ ಈಗಾಗಲೇ ಇರುವ ಉಪಗ್ರಹ ಚಿತ್ರಗಳ ಮೇಲೆ ನಿಲ್ಲುವ ಪ್ರಶ್ನೆಯೇ ಕ್ಷೇಮ.

ಹೆಜ್ಜೆ 3: ಮೊದಲ ಭೇಟಿ ಮತ್ತು ಒಂದು ಪುಟದ ಒಪ್ಪಂದ

ಮೊದಲ ಭೇಟಿಯಲ್ಲಿ ಕಲ್ಲಿನ ಮಾತು ಬೇಡ. ಕಿರಿಯರು ಎಲ್ಲಿಂದ ಬಂದವರು, ಮುಂದೆ ಏನಾಗಬೇಕೆಂದಿದ್ದಾರೆ, ನೆಟ್ ಪರೀಕ್ಷೆಗೋ ಯುಪಿಎಸ್‌ಸಿಯ ಜಿಯೋ-ಸೈಂಟಿಸ್ಟ್ ಪರೀಕ್ಷೆಗೋ ಓದುತ್ತಿದ್ದಾರೆಯೇ, ವಾರಾಂತ್ಯಕ್ಕೆ ಊರಿಗೆ ಹೋಗಿ ಮನೆಯ ಕೆಲಸ ನೋಡಬೇಕೇ ಎಂಬುದನ್ನು ಮೆಂಟರ್ ತಿಳಿದುಕೊಳ್ಳಲಿ. ಬಳಿಕ ಇಬ್ಬರೂ ಕುಳಿತು ಒಂದು ಪುಟದ ಒಪ್ಪಂದ ಬರೆಯಲಿ: ವಾರದ ಭೇಟಿ ಯಾವ ದಿನ, ವಾಟ್ಸ್‌ಆ್ಯಪ್ ಸಂದೇಶಕ್ಕೆ ಎಷ್ಟು ಹೊತ್ತಿನವರೆಗೆ ಉತ್ತರ ನಿರೀಕ್ಷಿಸಬಹುದು, ಫೀಲ್ಡ್ ಖರ್ಚು ಯಾರದು, ಫೋಟೊ ಮತ್ತು ಅಳತೆಗಳ ಪ್ರತಿ ಎಲ್ಲಿರುತ್ತದೆ, ಪ್ರಾಜೆಕ್ಟ್ ಮುಗಿದ ಮೇಲೆ ಆ ಮಾಹಿತಿಯನ್ನು ಯಾರು ಬಳಸಬಹುದು. ಈ ಕೊನೆಯ ಅಂಶವನ್ನು ಈಗಲೇ ಬರೆಯದಿದ್ದರೆ ಎರಡು ವರ್ಷದ ಬಳಿಕ ಲೇಖನ ಪ್ರಕಟವಾದಾಗ ಮನಸ್ತಾಪವಾಗುತ್ತದೆ.

ಸಂಬೋಧನೆಯೂ ಸಣ್ಣ ವಿಷಯವಲ್ಲ. ನಮ್ಮಲ್ಲಿ ಪಿಎಚ್‌.ಡಿ ವಿದ್ಯಾರ್ಥಿಗಳನ್ನು ಕೆಲವು ವಿಭಾಗಗಳಲ್ಲಿ ‘ಸರ್’, ‘ಮೇಡಂ’ ಎಂದರೆ ಕೆಲವೆಡೆ ‘ಅಣ್ಣ’, ‘ಅಕ್ಕ’ ಎನ್ನುತ್ತಾರೆ. ನನಗೆ ಎರಡನೆಯದೇ ಇಷ್ಟ, ಆದರೂ ಅದರ ಅಪಾಯವನ್ನು ಮೆಂಟರ್‌ಗಳಿಗೆ ಹೇಳಿಯೇ ಕಳಿಸುತ್ತೇನೆ. ಅಣ್ಣನ ಸಲುಗೆಯಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸುವುದು, ಸ್ವಂತ ಮಾದರಿಗಳನ್ನು ಕುಟ್ಟಿಸುವುದು, ಚಹಾ ತರಿಸುವುದು ಎಲ್ಲವೂ ಮೆಲ್ಲಗೆ ಒಳನುಗ್ಗುತ್ತವೆ.

ಭಾಷೆಯ ವಿಷಯವನ್ನು ಇಲ್ಲೇ ಎತ್ತಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗಳು ಸ್ನಾತಕೋತ್ತರ ತರಗತಿಯಲ್ಲಿ ಸುಮ್ಮನಿದ್ದರೆ ಅದನ್ನು ದಡ್ಡತನವೆಂದು ಓದುವ ರೂಢಿ ಇದೆ. ಅವರ ಫೀಲ್ಡ್ ನೋಟ್‌ಬುಕ್ ಮೊದಲ ತಿಂಗಳು ಕನ್ನಡದಲ್ಲೇ ಇರಲಿ. ಬಳಪದ ಕಲ್ಲು, ಬೆಣಚುಕಲ್ಲು, ಜಂಬಿಟ್ಟಿಗೆ, ಕಾಗೆಬಂಗಾರ ಎಂಬ ಹೆಸರುಗಳೊಂದಿಗೆ ಅವರು ಬಾಲ್ಯದಿಂದ ನೋಡಿದ್ದು ಅಷ್ಟೂ ಬರುತ್ತದೆ: ಬಳಪದ ಕಲ್ಲು ಉಗುರಿಗೆ ಗೀರು ಬೀಳುವಷ್ಟು ಮೆತ್ತಗೆ, ಮುಟ್ಟಿದರೆ ಸೋಪಿನಂತೆ ಜಾರು ಎಂದು ಬರೆದವರಿಗೆ ಅದರಲ್ಲಿ ಟಾಲ್ಕ್ ಎಂಬ ಮೆತ್ತನೆಯ ಖನಿಜ ಏಕಿದೆ ಎಂಬ ಪ್ರಶ್ನೆಗೆ ಹೋಗುವುದು ಸುಲಭ. ಪಾರಿಭಾಷಿಕ ಪದ ಕಲಿಯುವುದು ಆಮೇಲಿನ ಮಾತು, ಮತ್ತು ಅದು ಬೇಗನೆ ಆಗುತ್ತದೆ. ಧಾರವಾಡ ಸೀಮೆಯ ವಿದ್ಯಾರ್ಥಿಯೊಬ್ಬರಿಗೆ ತಮ್ಮ ಊರಿನ ಹೆಸರೇ ‘ಧಾರ್ವಾರ್ ಕ್ರೇಟಾನ್’ (ಕ್ರೇಟಾನ್ ಎಂದರೆ ಭೂಖಂಡದ ಅತಿ ಹಳೆಯ, ಸ್ಥಿರ ಭಾಗ) ಎಂದು ಜಗತ್ತಿನ ಭೂವಿಜ್ಞಾನದ ಪಠ್ಯಗಳಲ್ಲಿ ಕುಳಿತಿದೆ ಎಂದು ತಿಳಿದಾಗ ಮುಖದಲ್ಲಿ ಕಾಣುವ ಬದಲಾವಣೆಯನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಹೆಜ್ಜೆ 4: ಬಂಡೆಯ ಮುಂದೆ ಸುಮ್ಮನಿರುವುದು

ತರಬೇತಿಯ ಹೃದಯಭಾಗ ಇದು. ಇದಕ್ಕೆ ಕನಿಷ್ಠ ಎರಡು ಪೂರ್ತಿ ದಿನ ಮೀಸಲಿಡಿ. ಬೆಂಗಳೂರಿನವರಿಗೆ ಲಾಲ್‌ಬಾಗಿನ ಬಂಡೆ ಹೇಳಿಮಾಡಿಸಿದ ಜಾಗ. ಸುಮಾರು 300 ಕೋಟಿ ವರ್ಷ ಹಳೆಯ ಪೆನಿನ್ಸುಲಾರ್ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆ ಅಲ್ಲಿ ಬರಿಗಾಲಿನಲ್ಲಿ ನಡೆಯುವಷ್ಟು ಸುಲಭವಾಗಿ ಸಿಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುವುದರಿಂದ ಸುತ್ತಿಗೆಯನ್ನು ವಿಭಾಗದಲ್ಲೇ ಬಿಟ್ಟು ಹೋಗಬೇಕು. ತರಬೇತಿಗೆ ಇದು ಅನುಕೂಲವೇ, ಏಕೆಂದರೆ ಸುತ್ತಿಗೆ ಇಲ್ಲದವರು ನೋಡಲು ಹೆಚ್ಚು ಹೊತ್ತು ಕೊಡುತ್ತಾರೆ. ಒಂದು ಎಚ್ಚರಿಕೆ: ಅಲ್ಲಿ ವಿವರಣೆಯ ಫಲಕವಿದೆ. ಕಿರಿಯರನ್ನು ಅದರಿಂದ ದೂರದ ಬದಿಗೆ ಕರೆದೊಯ್ದು, ಫಲಕವನ್ನು ಕೊನೆಯಲ್ಲಿ ಓದಿಸಿ.

ಅಭ್ಯಾಸ ಹೀಗಿರಲಿ. ಮೊದಲ ವರ್ಷದ ಎಂ.ಎಸ್‌ಸಿಯ ಕೆಲವು ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಒಬ್ಬೊಬ್ಬ ಮೆಂಟರ್‌ಗೆ ಒಬ್ಬೊಬ್ಬರನ್ನು ಒಪ್ಪಿಸಿ. ಮೊದಲ ಹತ್ತು ನಿಮಿಷ ಮೆಂಟರ್ ಮಾತಾಡುವಂತಿಲ್ಲ, ಬೆರಳು ತೋರುವಂತಿಲ್ಲ. ಕಿರಿಯರು ಎರಡು ಅಡಿ ಚದರದ ಜಾಗವನ್ನು ಚಿತ್ರ ಬರೆಯಬೇಕು. ಮೊಬೈಲ್ ಫೋಟೊ ಆಗದು, ಏಕೆಂದರೆ ಕ್ಯಾಮೆರಾ ಏನನ್ನೂ ಆರಿಸುವುದಿಲ್ಲ, ಪೆನ್ಸಿಲ್ ಆರಿಸಲೇಬೇಕು. ಹತ್ತು ನಿಮಿಷದ ಬಳಿಕ ಮೆಂಟರ್ ಕೇಳಬಹುದಾದದ್ದು ಮೂರೇ: ಇಲ್ಲಿ ಎಷ್ಟು ಬಗೆಯ ವಸ್ತುಗಳಿವೆ? ಯಾವುದು ಯಾವುದನ್ನು ಕತ್ತರಿಸಿಕೊಂಡು ಹೋಗಿದೆ? ಹಾಗೆಂದು ನಿನಗೆ ಎಲ್ಲಿ ಕಂಡಿತು, ಬೆರಳಿಟ್ಟು ತೋರಿಸು. ತಿಳಿ ಬಣ್ಣದ ಪಟ್ಟೆಗಳು, ಕಪ್ಪು ಬಯೊಟೈಟಿನ ಎಳೆಗಳು, ನೈಸ್‌ನೊಳಗೆ ಉಳಿದುಕೊಂಡ ಇನ್ನೂ ಹಳೆಯ ಶಿಲೆಯ ತುಣುಕುಗಳು ಇವೆಲ್ಲ ಇಷ್ಟರಲ್ಲೇ ಹೊರಬರುತ್ತವೆ. "ಇದರ ಅರ್ಥವೇನು" ಎಂಬ ಪ್ರಶ್ನೆ ಕೊನೆಗೆ, ಅದೂ ಕಿರಿಯರೇ ಎತ್ತಿದರೆ ಚೆನ್ನ.

ಮೆಂಟರ್‌ಗಳಿಗೆ ಈ ಹತ್ತು ನಿಮಿಷ ನರಕ. ಗೈಡ್ ಆದವರು ದೂರದಲ್ಲಿ ನಿಂತು, ಯಾರು ಎಷ್ಟನೇ ನಿಮಿಷಕ್ಕೆ ಬಾಯಿ ತೆರೆದರು ಎಂದು ಗುರುತು ಹಾಕಿಕೊಂಡು ಸಂಜೆ ಓದಿ ಹೇಳಿದರೆ ನಗುವೂ ಬರುತ್ತದೆ, ಪಾಠವೂ ಆಗುತ್ತದೆ. ನಾನು ಮೊದಲ ಸಲ ಇದನ್ನು ಮಾಡಿಸಿದಾಗ ಎರಡನೇ ನಿಮಿಷಕ್ಕೇ ಮಾತಾಡಿದವನು ನಾನೇ.

ಎರಡನೆಯ ದಿನದ ವಿಷಯ ತಪ್ಪುಗಳು. ಫೀಲ್ಡಿನಲ್ಲಿ ಕಿರಿಯರ ತಪ್ಪುಗಳನ್ನು ಎರಡು ರಾಶಿ ಮಾಡಲು ಮೆಂಟರ್ ಕಲಿಯಬೇಕು. ಮರಳಿ ಬಂದು ತಿದ್ದಬಹುದಾದ ತಪ್ಪುಗಳನ್ನು ನಡೆಯಲು ಬಿಡಬೇಕು. ಸಂಡೂರಿನ ಕಡೆ ಕಾಂತೀಯ ಖನಿಜವಾದ ಮ್ಯಾಗ್ನಟೈಟ್ ಇರುವ ಕಬ್ಬಿಣದ ಪಟ್ಟೆಶಿಲೆಯ ಮೇಲೆ ಕಂಪಾಸು ಇಟ್ಟು ಸ್ಟ್ರೈಕ್ (ಓರೆಯಾದ ಪದರದ ಮೇಲಿನ ಸಮತಲ ಗೆರೆಯ ದಿಕ್ಕು) ಅಳೆದರೆ ಮುಳ್ಳು ಮನಬಂದತ್ತ ತಿರುಗುತ್ತದೆ. ಇದನ್ನು ಮುಂಚೆಯೇ ಹೇಳಿಬಿಟ್ಟರೆ ಅದು ಇನ್ನೊಂದು ವಾಕ್ಯವಾಗಿ ನೋಟ್‌ಬುಕ್ಕಿನಲ್ಲಿ ಉಳಿಯುತ್ತದೆ. ಹತ್ತು ಅಳತೆ ತೆಗೆದು, ಕಣ್ಣಿಗೆ ನೇರವಾಗಿ ಕಾಣುವ ಪದರದ ಅಂಕಿಗಳು ಏಕೆ ಒಂದಕ್ಕೊಂದು ಕೂಡುತ್ತಿಲ್ಲ ಎಂದು ಕಿರಿಯರು ತಲೆ ಕೆರೆದುಕೊಳ್ಳಲಿ. ಒಂದೇ ಗುರುತಿನ ದಿಕ್ಕನ್ನು ಬಂಡೆಯ ಮೇಲಿಂದ ಒಮ್ಮೆ, ಇಪ್ಪತ್ತು ಹೆಜ್ಜೆ ದೂರದಿಂದ ಒಮ್ಮೆ ಓದಿ ನೋಡಲು ಆಗ ಹೇಳಿ. ಹಳೆಯ ಟೋಪೋಶೀಟಿನ (ಸರ್ವೇ ನಕ್ಷೆಯ) ಮೇಲೆ ಜಿಪಿಎಸ್ ಬಿಂದುಗಳನ್ನು ನೇರವಾಗಿ ಗುರುತಿಸಿ, ಎರಡರ ಡೇಟಮ್ (ಸ್ಥಾನ ಅಳೆಯುವ ಮೂಲ ಆಧಾರ) ಬೇರೆ ಎಂಬುದನ್ನು ಮರೆತು, ಹಳ್ಳದ ಈ ಬದಿಯ ಬಂಡೆ ಆ ಬದಿಗೆ ಹಾರಿದಾಗಲೂ ಇದೇ ಕ್ರಮ.

ತಿದ್ದಲಾಗದ ತಪ್ಪುಗಳ ವಿಷಯದಲ್ಲಿ ಮೆಂಟರ್ ಕ್ಷಣವೂ ಕಾಯಬಾರದು. ಮಾದರಿಯ ಚೀಲದ ಮೇಲಿನ ಸಂಖ್ಯೆ ಮತ್ತು ನೋಟ್‌ಬುಕ್ಕಿನ ಸಂಖ್ಯೆ ಹೊಂದದಿದ್ದರೆ ಊರಿಗೆ ಮರಳಿದ ಮೇಲೆ ಅದು ಬರಿಯ ಕಲ್ಲು. ಆದ್ದರಿಂದ ಸಂಖ್ಯೆಯನ್ನು ಕಲ್ಲಿನ ಮೇಲೆ, ಚೀಲದ ಮೇಲೆ, ಚೀಲದೊಳಗಿನ ಚೀಟಿಯಲ್ಲಿ ಹೀಗೆ ಮೂರು ಕಡೆ ಬರೆಯಿಸಿ, ಬಂಡೆಯಿಂದ ಹೊರಡುವ ಮುನ್ನವೇ ಗಟ್ಟಿಯಾಗಿ ಓದಿಸಬೇಕು.

ಸುರಕ್ಷತೆಯೂ ಇದೇ ರಾಶಿಯದು. ಡಾಲರೈಟಿನಂಥ ಗಟ್ಟಿ ಕರಿಕಲ್ಲಿಗೆ ಸುತ್ತಿಗೆ ಹಾಕುವಾಗ ಚೂರು ಕಣ್ಣಿಗೆ ಹಾರುತ್ತದೆ. ಕನ್ನಡಕವಿಲ್ಲದೆ ಸುತ್ತಿಗೆ ಎತ್ತಬಾರದು, ಸುತ್ತಿಗೆಯನ್ನು ಸುತ್ತಿಗೆಯಿಂದ ಬಡಿಯಬಾರದು. ಚಾಲೂ ಇರುವ ಕ್ವಾರಿಯಲ್ಲಿ ಸಿಡಿಮದ್ದಿನ ಸಮಯವನ್ನು ಮೇಸ್ತ್ರಿಯ ಬಳಿ ಕೇಳದೆ ಒಳಗೆ ಕಾಲಿಡಬಾರದು. ಮಲೆನಾಡಿನಲ್ಲಿ ಇಂಬಳಗಳಿಗೆ ಹೆದರುವವರು ಬಹಳ, ಆದರೆ ಹೆದರಬೇಕಾದದ್ದು ಉಣ್ಣೆಗಳಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಅದು ಹೆಚ್ಚಾಗುವ ಕಾಲವೂ ನಮ್ಮ ಫೀಲ್ಡ್ ಋತುವೂ ಒಂದೇ, ಅಂದರೆ ಮಳೆಗಾಲ ಮುಗಿದು ಒಣಹವೆ ಇರುವ ತಿಂಗಳುಗಳು. ಆ ಭಾಗಕ್ಕೆ ಹೋಗುವ ಮುನ್ನ ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವುದು, ಮೈಮುಚ್ಚುವ ಬಟ್ಟೆ ತೊಡುವುದು, ಸಂಜೆ ಮೈಯನ್ನೂ ಬಟ್ಟೆಯನ್ನೂ ಪರೀಕ್ಷಿಸುವುದು, ಮರಳಿದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದೆವೆಂದು ವೈದ್ಯರಿಗೆ ಹೇಳುವುದು ಮೆಂಟರ್‌ಗೆ ಬಾಯಿಪಾಠವಾಗಿರಬೇಕು.

ವಿದ್ಯಾರ್ಥಿನಿಯರ ವಿಷಯದಲ್ಲಿ ಸಂಕೋಚ ಬಿಟ್ಟು ಮಾತಾಡಲು ಮೆಂಟರ್‌ಗಳನ್ನು ಅಣಿಗೊಳಿಸಿ, ವಿಶೇಷವಾಗಿ ಹುಡುಗರನ್ನು. ಬೆಳಗಿನಿಂದ ಸಂಜೆಯವರೆಗೆ ಶೌಚಾಲಯವಿಲ್ಲದ ಬಯಲಿನಲ್ಲಿ ನಡೆಯಬೇಕೆಂದರೆ ನೀರೇ ಕುಡಿಯದೆ ಇರುವವರು ಇದ್ದಾರೆ. ಏಪ್ರಿಲ್ ಬಿಸಿಲಿನಲ್ಲಿ ಅದರ ಪರಿಣಾಮ ಏನೆಂದು ಹೇಳಬೇಕಿಲ್ಲ. ದಿನದ ದಾರಿ ಹಾಕುವಾಗಲೇ ಎರಡು ಮೂರು ಗಂಟೆಗೊಮ್ಮೆ ಒಂದು ಊರು, ಶಾಲೆ ಅಥವಾ ಪೆಟ್ರೋಲ್ ಬಂಕ್ ಸಿಗುವಂತೆ ಹಾಕಿದರೆ ಯಾರೂ ಕೇಳಬೇಕಾದ ಪ್ರಸಂಗವೇ ಬರದು. ಒಬ್ಬ ಮೆಂಟರ್ ಮತ್ತು ಒಬ್ಬ ಕಿರಿಯ ವಿದ್ಯಾರ್ಥಿ ಇಬ್ಬರೇ ರಾತ್ರಿ ತಂಗುವ ಫೀಲ್ಡ್ ಬೇಡವೇ ಬೇಡ. ಆಂತರಿಕ ದೂರು ಸಮಿತಿಯ ಸದಸ್ಯರ ದೂರವಾಣಿ ಸಂಖ್ಯೆ ಪ್ರತಿ ಕಿರಿಯರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಲಿ, ಮತ್ತು ಅದನ್ನು ಮೆಂಟರೇ ಬರೆಯಿಸಲಿ.

ಹೊಲದ ಯಜಮಾನರ ಜೊತೆ ಮಾತಾಡುವುದನ್ನೂ ಕಲಿಸಬೇಕು. ಕಲ್ಲು ಒಡೆಯುವವರನ್ನು ಕಂಡರೆ ನಮ್ಮ ಹಳ್ಳಿಗಳಲ್ಲಿ ಏಳುವ ಪ್ರಶ್ನೆ ಒಂದೇ, "ಇಲ್ಲಿ ಚಿನ್ನ ಐತೇನ್ರಿ?" ಅದರ ಹಿಂದೆ ಕುತೂಹಲ ಅರ್ಧ, ಜಮೀನು ಹೋದೀತೆಂಬ ಭಯ ಅರ್ಧ. ನಗುತ್ತಾ ಹಾರಿಕೆಯ ಉತ್ತರ ಕೊಟ್ಟರೆ ಮುಂದಿನ ವರ್ಷ ಅದೇ ಹೊಲಕ್ಕೆ ಹೋಗುವಂತಿಲ್ಲ. ಬಂದವರು ಯಾರು, ಯಾವ ಕಾಲೇಜು, ಏನು ಅಳೆಯುತ್ತಿದ್ದೇವೆ ಎಂಬುದನ್ನು ಎರಡು ನಿಮಿಷದಲ್ಲಿ ಸರಳವಾಗಿ ಹೇಳುವುದನ್ನು ಕಿರಿಯರಿಂದಲೇ ಹೇಳಿಸಿ. ತಮ್ಮ ಪ್ರಾಜೆಕ್ಟ್ ಅವರಿಗೇ ಅರ್ಥವಾಗಿದೆಯೇ ಎಂಬುದರ ಪರೀಕ್ಷೆಯೂ ಅದರಲ್ಲಿ ಆಗುತ್ತದೆ. ಕಾಯ್ದಿಟ್ಟ ಅರಣ್ಯವಾದರೆ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಬೇಕು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬು ಲಾವಾ (ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ), ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳೂ ಲಾಲ್‌ಬಾಗಿನಂತೆಯೇ ಸ್ಮಾರಕಗಳು. ಅಲ್ಲಿಂದ ಒಂದು ಚೂರೂ ಚೀಲಕ್ಕೆ ಬೀಳಬಾರದು.

ಹೆಜ್ಜೆ 5: ಪ್ರಯೋಗಾಲಯ

ಇಲ್ಲಿ ಕ್ರಮ ಸರಳ. ಮೆಂಟರ್ ಒಮ್ಮೆ ಮಾಡಿ ತೋರಿಸಬೇಕು, ಎರಡನೆಯ ಸಲ ಕೂಡಿ ಮಾಡಬೇಕು, ಮೂರನೆಯ ಸಲ ಕಿರಿಯರು ಮಾಡುವಾಗ ಕೈ ಕಟ್ಟಿ ನಿಲ್ಲಬೇಕು. ಹೈಡ್ರೋಫ್ಲೋರಿಕ್ ಆಮ್ಲದ ಕೆಲಸ ಮಾತ್ರ ಈ ಕ್ರಮದ ಹೊರಗಿನದು, ಎಂ.ಎಸ್‌ಸಿ ಹಂತದವರ ಕೈಗೆ ಅದನ್ನು ಕೊಡಬಾರದು, ಆ ಆಮ್ಲ ತಗುಲಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಎಲ್ಲಿದೆ ಎಂದು ಮಾತ್ರ ಎಲ್ಲರಿಗೂ ಗೊತ್ತಿರಬೇಕು.

ಪ್ರತಿ ಕ್ರಿಯೆಯ ಹಿಂದಿನ ‘ಏಕೆ’ಯನ್ನು ಹೇಳುವುದು ಮೆಂಟರ್‌ಗಳು ಮರೆಯುವ ಸಂಗತಿ. ಟಂಗ್‌ಸ್ಟನ್ ಕಾರ್ಬೈಡ್ ಗಿರಣಿಯಲ್ಲಿ ಪುಡಿ ಮಾಡಿದ ಮಾದರಿಯಲ್ಲಿ ಗಿರಣಿಯಿಂದಲೇ ಬೆರೆಯುವ ಟಂಗ್‌ಸ್ಟನ್ ಮತ್ತು ಕೋಬಾಲ್ಟ್ ಅಂಕಿಗಳನ್ನು ನಂಬುವಂತಿಲ್ಲ ಎಂಬುದನ್ನು ಹೇಳದಿದ್ದರೆ, ವರದಿಯಲ್ಲಿ ಕೋಬಾಲ್ಟ್‌ನ ಏರಿಕೆಗೆ ಒಂದು ಪೂರ್ತಿ ಪುಟದ ಭೂವೈಜ್ಞಾನಿಕ ಕಾರಣ ಬರೆದುಕೊಂಡು ಬರುತ್ತಾರೆ. ಥಿನ್ ಸೆಕ್ಷನ್ 0.03 ಮಿಲಿಮೀಟರ್ ದಪ್ಪವೇ ಏಕಿರಬೇಕು ಎಂಬುದನ್ನು ಬೂದು ಬಣ್ಣದಲ್ಲಿರಬೇಕಾದ ಕ್ವಾರ್ಟ್ಜ್ ಹಳದಿಯಾಗಿ ಕಾಣುವ ದಪ್ಪನೆಯ ಸ್ಲೈಡ್ ಒಂದನ್ನು ಬೇಕೆಂದೇ ಕೊಟ್ಟು ತೋರಿಸಿ. ವಿಭಾಗದಲ್ಲಿ ಅಂಥ ಸ್ಲೈಡುಗಳಿಗೆ ಕೊರತೆ ಇರುವುದಿಲ್ಲ.

ಹೆಜ್ಜೆ 6: ವಾರದ ಭೇಟಿ, ಕರಡಿನ ಮೇಲಿನ ಕೆಂಪು ಶಾಯಿ

ವಾರದ ಭೇಟಿ ಮುಕ್ಕಾಲು ಗಂಟೆ ಸಾಕು. ಅದರಲ್ಲಿ ಮೊದಲ ಅರ್ಧ ಕಿರಿಯರದ್ದು: ಈ ವಾರ ಏನು ನೋಡಿದೆ, ಏನು ಅರ್ಥವಾಗಲಿಲ್ಲ, ಮುಂದೇನು. "ಎಲ್ಲಾ ಸರಿಯಾಗಿದೆ ಅಕ್ಕಾ" ಎಂಬ ಉತ್ತರ ಬಂದರೆ ಮೆಂಟರ್ ಎಚ್ಚರಗೊಳ್ಳಬೇಕು. ಆಗ "ಅರ್ಥವಾಯಿತೇ?" ಎಂದು ಮತ್ತೆ ಕೇಳಿದರೆ ಮತ್ತೆ ಹೌದೆನ್ನುತ್ತಾರೆ. ಅದರ ಬದಲು "ನಿನ್ನ ನಕ್ಷೆಯಲ್ಲಿ ನಿನಗೆ ಅತ್ಯಂತ ಅನುಮಾನವಿರುವ ಗೆರೆ ಯಾವುದು?" ಎಂದು ಕೇಳಬೇಕು. ಅನುಮಾನವಿಲ್ಲದ ನಕ್ಷೆ ಎಂಬುದಿಲ್ಲವಾದ್ದರಿಂದ ಮಾತು ಅಲ್ಲಿಂದ ಶುರುವಾಗುತ್ತದೆ.

ಕರಡು ತಿದ್ದುವುದನ್ನು ತರಬೇತಿಯಲ್ಲಿ ಬಿಡಿಯಾಗಿ ಅಭ್ಯಾಸ ಮಾಡಿಸಿ. ಹಳೆಯ ಪ್ರಾಜೆಕ್ಟ್ ವರದಿಯ ಎರಡು ಪುಟಗಳನ್ನು ಹೆಸರು ತೆಗೆದು ಎಲ್ಲ ಮೆಂಟರ್‌ಗಳಿಗೂ ಕೊಟ್ಟರೆ, ಬಹುತೇಕರು ಪ್ರತಿ ಸಾಲಿನ ಇಂಗ್ಲಿಷ್ ತಿದ್ದಿ ಪುಟವನ್ನು ಕೆಂಪು ಮಾಡಿ ತರುತ್ತಾರೆ. ಕಿರಿಯರಿಗೆ ಅದರಿಂದ ಗೊತ್ತಾಗುವುದು ತಮಗೆ ಬರೆಯಲು ಬರುವುದಿಲ್ಲ ಎಂಬುದಷ್ಟೇ. ಮೊದಲ ಓದಿನಲ್ಲಿ ಭಾಷೆಯನ್ನು ಮುಟ್ಟದೆ, ಕಂಡದ್ದನ್ನು ಹೇಳುವ ವಾಕ್ಯಗಳಿಗೆ ಒಂದು ಬಣ್ಣ, ಊಹಿಸಿದ್ದನ್ನು ಹೇಳುವ ವಾಕ್ಯಗಳಿಗೆ ಇನ್ನೊಂದು ಬಣ್ಣ ಹಚ್ಚಿ ಹಿಂದಿರುಗಿಸಲು ಹೇಳಿ. "ಶಿಲಾಪಾಕ ಹರಿಯುತ್ತಿದ್ದಾಗಲೇ ಹರಳುಗಳು ಸಾಲಾಗಿ ನಿಂತವು" ಎಂಬುದು ಕಂಡದ್ದಲ್ಲ. "ಅಳೆದ 60 ಹರಳುಗಳಲ್ಲಿ ಹೆಚ್ಚಿನವು ಉತ್ತರ-ದಕ್ಷಿಣವಾಗಿವೆ, ಅವುಗಳ ಅಂಚು ಮುರಿದಿಲ್ಲ" ಎಂಬುದು ಕಂಡದ್ದು. ಪುಟದ ತುಂಬ ಎರಡನೆಯ ಬಣ್ಣವೇ ಇರುವುದನ್ನು ನೋಡಿದ ಕಿರಿಯರು ತಾವಾಗಿಯೇ ಫೀಲ್ಡ್ ನೋಟ್‌ಬುಕ್ ತೆರೆಯುತ್ತಾರೆ.

ಹೆಜ್ಜೆ 7: ಮೆಂಟರ್‌ಗಳ ಹದಿನೈದು ದಿನದ ಕೂಟ

ಮೆಂಟರ್‌ಗಳು ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಒಟ್ಟಿಗೆ ಕೂರಬೇಕು. ಒಬ್ಬ ಅಧ್ಯಾಪಕರು ಇರಲಿ, ಆದರೆ ಆ ಮೆಂಟರ್‌ಗಳ ಸ್ವಂತ ಗೈಡ್ ಇರಬಾರದು. ಅವರಿದ್ದರೆ ಯಾರೂ ನಿಜ ಹೇಳುವುದಿಲ್ಲ. ಮೊದಲೆರಡು ಕೂಟಗಳಿಗೆ ಕಲ್ಪಿತ ಪ್ರಸಂಗಗಳನ್ನು ಸಿದ್ಧಮಾಡಿಕೊಳ್ಳಿ, ಆಮೇಲೆ ಅವರ ಪ್ರಸಂಗಗಳೇ ಬರುತ್ತವೆ.

ನಾನು ಬಳಸುವ ಒಂದು ಪ್ರಸಂಗ ಹೀಗಿದೆ. ಪಾವಗಡ ತಾಲ್ಲೂಕಿನ ಕೆಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಳೆಯುವ ಪ್ರಾಜೆಕ್ಟಿನಲ್ಲಿ, ಕಿರಿಯ ವಿದ್ಯಾರ್ಥಿನಿಗೆ ಒಂದು ಮನೆಯ ಬಾವಿಯಲ್ಲಿ ಲೀಟರಿಗೆ 3 ಮಿಲಿಗ್ರಾಂ ಸಿಗುತ್ತದೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಒಪ್ಪುವ ಮಿತಿ 1.0, ಬೇರೆ ಮೂಲವಿಲ್ಲದಿದ್ದಾಗ ಸಹಿಸಬಹುದಾದ ಮಿತಿ 1.5. ಮನೆಯ ಅಜ್ಜಿ ಮಾದರಿ ತೆಗೆಯುವ ದಿನ ಮಜ್ಜಿಗೆ ಕೊಟ್ಟು, "ನೀರು ಹೆಂಗದೆ ಅಂತ ಹೇಳವ್ವ" ಎಂದಿದ್ದರು. ಮೆಂಟರ್‌ಗೆ ಈ ಅಂಕಿಯ ಮೇಲೆ ನಂಬಿಕೆ ಇಲ್ಲ, ಏಕೆಂದರೆ ಆ ದಿನ ಉಪಕರಣದ ಕ್ಯಾಲಿಬ್ರೇಶನ್ ಸಂದೇಹಾಸ್ಪದ. ಈಗ ಏನು ಮಾಡಬೇಕು? ಸುಮ್ಮನಿರಬೇಕೇ, ಮರುಪರೀಕ್ಷೆಗೆ ಕಾಯಬೇಕೇ, ಹೇಳಿದರೆ ಯಾರು ಹೇಳಬೇಕು, ಪಂಚಾಯಿತಿಗೆ ತಿಳಿಸುವುದು ಯಾರ ಕೆಲಸ? ಒಂದು ಗಂಟೆ ಸಾಲದು. ಹೆಚ್ಚಿನ ತಂಡಗಳು ತಲುಪುವ ನಿಲುವು ಇದು: ಅದೇ ವಾರ ಎರಡು ಮಾದರಿ ಹೊಸದಾಗಿ ತೆಗೆದು, ಫ್ಲೋರೈಡ್ ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣದ ಜೊತೆಗೆ ಅಳೆದು, ಅಂಕಿ ಗಟ್ಟಿಯಾದೊಡನೆ ಗೈಡ್ ಸಹಿ ಇರುವ ಪತ್ರದೊಂದಿಗೆ ಮನೆಯವರಿಗೂ ಪಂಚಾಯಿತಿಗೂ ಹೇಳುವುದು, ಹೇಳಲು ವಿದ್ಯಾರ್ಥಿನಿಯೊಂದಿಗೆ ಮೆಂಟರ್ ಹೋಗುವುದು. ನನ್ನದೊಂದು ಸೇರ್ಪಡೆ ಇದೆ. ಇಂಥ ಪ್ರಾಜೆಕ್ಟಿನಲ್ಲಿ ಫಲಿತಾಂಶವನ್ನು ಯಾರಿಗೆ ಹೇಗೆ ತಿಳಿಸುತ್ತೇವೆ ಎಂಬುದು ಮೊದಲ ಮಾದರಿ ತೆಗೆಯುವ ಮುನ್ನವೇ ಆ ಒಂದು ಪುಟದ ಒಪ್ಪಂದದಲ್ಲಿ ಇರಬೇಕಿತ್ತು.

ಇನ್ನೊಂದು ಪ್ರಸಂಗ ಚಿಕ್ಕದು, ಆದರೆ ಕಹಿ. ಕಿರಿಯನ ಸ್ಟ್ರೈಕ್-ಡಿಪ್ (ಪದರದ ದಿಕ್ಕು ಮತ್ತು ಓರೆಯ ಕೋನ) ಪಟ್ಟಿಯಲ್ಲಿ ಎಲ್ಲ ಅಂಕಿಗಳೂ 5ರಿಂದ ಭಾಗವಾಗುತ್ತವೆ, ಮೂರು ದಿನಗಳ ಅಳತೆಗಳು ಒಂದೇ ಶಾಯಿಯಲ್ಲಿವೆ. ಕೂತಲ್ಲೇ ಬರೆದದ್ದೆಂದು ಮೆಂಟರ್‌ಗೆ ಅನುಮಾನ. ನೇರವಾಗಿ ಕಳ್ಳನೆನ್ನುವ ಮುನ್ನ ಅವನೊಂದಿಗೆ ಅದೇ ಜಾಗಕ್ಕೆ ಹೋಗಿ ಹತ್ತು ಬಿಂದುಗಳನ್ನು ಮತ್ತೆ ಅಳೆಯುವುದು ಮೊದಲ ಕೆಲಸ. ಕಂಪಾಸು ಓದಲು ಬಾರದೆ, ಹೇಳಲು ನಾಚಿಕೆಯಾಗಿ ಹೀಗೆ ಮಾಡಿದವರೂ ಇರುತ್ತಾರೆ. ಬೇಕೆಂದೇ ಸೃಷ್ಟಿಸಿದ್ದು ಎಂದು ಖಚಿತವಾದರೆ ಮೆಂಟರ್ ಅದನ್ನು ಮುಚ್ಚಿಡುವಂತಿಲ್ಲ, ತಾನೇ ಶಿಕ್ಷಿಸುವಂತೆಯೂ ಇಲ್ಲ, ಗೈಡ್ ಮುಂದಿಡಬೇಕು.

ಹೆಜ್ಜೆ 8: ಹೆಸರು ಮತ್ತು ಲೆಕ್ಕ

ಕಿರಿಯರ ಅಳತೆ ಲೇಖನದಲ್ಲಿ ಬಳಕೆಯಾದರೆ ಅವರ ಹೆಸರು ಎಲ್ಲಿ ಬರಬೇಕು ಎಂಬುದನ್ನು ಕೆಲಸದ ಆಧಾರದ ಮೇಲೆ ನಿರ್ಧರಿಸಿ. ಮಾದರಿ ಹೊತ್ತು ತಂದವರಿಗೆ ಕೃತಜ್ಞತೆಯ ಸಾಲು ಸಾಕು. ಪ್ರಶ್ನೆಗೆ ಬೇಕಾದ ಮಾಹಿತಿಯನ್ನು ತಾವೇ ಕಲೆಹಾಕಿ, ಅದರ ಅರ್ಥ ಕಟ್ಟುವುದರಲ್ಲಿ ಪಾಲುಗೊಂಡು, ಕರಡನ್ನು ಓದಿ ಒಪ್ಪಿದವರು ಸಹಲೇಖಕರು. ಮೆಂಟರ್ ಕೆಲಸವೂ ಎಲ್ಲೋ ದಾಖಲಾಗಬೇಕು: ಪಿಎಚ್‌.ಡಿ ಪ್ರಗತಿ ವರದಿಯಲ್ಲಿ ಒಂದು ಪ್ಯಾರಾ, ಪ್ರಾಜೆಕ್ಟ್ ವರದಿಯ ಮುಖಪುಟದಲ್ಲಿ ಗೈಡ್ ಹೆಸರಿನ ಕೆಳಗೆ ಇನ್ನೊಂದು ಹೆಸರು. ಇದಕ್ಕೆ ಖರ್ಚಿಲ್ಲ, ಆದರೂ ಎಷ್ಟೋ ಕಡೆ ಮಾಡುವುದಿಲ್ಲ.

ಪ್ರಾಜೆಕ್ಟ್ ಮುಗಿದು ಅಂಕಗಳು ಪ್ರಕಟವಾದ ಮೇಲೆ, ಅದಕ್ಕೆ ಮುಂಚೆ ಅಲ್ಲ, ಕಿರಿಯರಿಂದ ಬರವಣಿಗೆಯಲ್ಲಿ ಮೂರು ಉತ್ತರಗಳನ್ನು ಪಡೆಯಿರಿ: ನಿಮ್ಮ ಮೆಂಟರ್ ನಿಮಗೆ ಹೇಳಬಹುದಾಗಿದ್ದರೂ ಹೇಳದೆ ನಿಮ್ಮಿಂದಲೇ ಕಂಡುಹಿಡಿಸಿದ್ದು ಯಾವುದು? ಹೇಳಲೇಬೇಕಿದ್ದು ಹೇಳದೆ ಬಿಟ್ಟದ್ದು ಯಾವುದು? ಫೀಲ್ಡಿನಲ್ಲಿ ಬೇಡವೆನ್ನಬೇಕೆನಿಸಿ ಅನ್ನಲಾಗದೆ ಹೋದ ಸಂದರ್ಭ ಇತ್ತೇ? ಮೂರನೆಯ ಉತ್ತರವನ್ನು ಮೆಂಟರ್‌ಗೆ ತೋರಿಸದೆ ವಿಭಾಗದ ಮುಖ್ಯಸ್ಥರೇ ಮೊದಲು ಓದಬೇಕು. ಮೊದಲೆರಡು ಉತ್ತರಗಳನ್ನು ಹೆಸರು ತೆಗೆದು ಮುಂದಿನ ವರ್ಷದ ಮೆಂಟರ್‌ಗಳ ಮೊದಲ ಸಭೆಯಲ್ಲಿ ಓದಿಸಿ, ಮತ್ತು ಆ ಸಭೆಗೆ ಕಳೆದ ವರ್ಷದ ಕಿರಿಯರಲ್ಲಿ ಒಬ್ಬರನ್ನು ಕರೆಯಿರಿ. ಸಾಧ್ಯವಿದ್ದರೆ ಅತೃಪ್ತರಾಗಿ ಹೋದವರನ್ನೇ ಕರೆಯಿರಿ.